ನೀರಿನಲ್ಲಿ ಎರಡನೆಯ ಚಂದ್ರ: ಅಪ್ಪನ ಕೆರೆಯ ಒಂದು ಚಿತ್ರದ ಪರಿಶೀಲನೆ

ತಕರಾರು ಹುಟ್ಟಿದ್ದು 5 ಅಡಿ ಅಗಲ, 3 ಅಡಿ 4 ಅಂಗುಲ ಎತ್ತರದ ಒಂದು ಮುದ್ರಿತ ಚಿತ್ರದಿಂದ. ಕಲಬುರಗಿಯ ಅಪ್ಪನ ಕೆರೆಯ ದಂಡೆಯ ಮೇಲೆ ನಿಂತು, ಕಾರ್ತಿಕ ಹುಣ್ಣಿಮೆಯ ಸಂಜೆ, ಪೂರ್ವಕ್ಕೆ ಮುಖ ಮಾಡಿ ತೆಗೆದ ಚಿತ್ರ ಅದು. ಕೆಳಗಿನ ಸುಮಾರು ಮೂರನೆಯ ಒಂದು ಪಾಲು ನೀರು. ಆಚೆ ದಡದಲ್ಲಿ ಬೀದಿದೀಪಗಳ ಸಾಲು. ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾಗಿದ್ದವು. ಎಡಗಡೆಯ ಒಂದು ಮನೆಯ ಮಾಳಿಗೆಯಿಂದ ಬಣ್ಣದ ಲೈಟಿನ ಸರಗಳನ್ನು ಇಳಿಬಿಟ್ಟಿದ್ದರು. ಬಲಗಡೆ ಎತ್ತರದಲ್ಲಿ ಚಂದ್ರ. ಇವಿಷ್ಟು ಇರಬೇಕಾದವು.

ಇರಬಾರದವು ಮೂರಿದ್ದವು. ಚಂದ್ರನ ಕೆಳಗಿನ ಖಾಲಿ ಆಕಾಶದಲ್ಲಿ ಕೆಂಪು, ಹಸಿರು, ನೀಲಿ ಚುಕ್ಕಿಗಳ ಗೊಂಚಲೊಂದು ತೂಗುತ್ತಿತ್ತು. ಅದೇ ಎತ್ತರದಲ್ಲಿ ಆಕಾಶದ ಉದ್ದಕ್ಕೂ ಹಳದಿ ಚುಕ್ಕಿಗಳ ಮಂಕು ಸಾಲು. ನೀರಿನ ಎಡಭಾಗದಲ್ಲಿ ಇನ್ನೊಂದು ಚಂದ್ರ, ಪೂರ್ತಿ ದುಂಡಗೆ, ಸ್ಪಷ್ಟವಾಗಿ.

ಚಿತ್ರ ಬಯಸಿದವರು ನಗರದ ಒಂದು ದಾಲ್ ಮಿಲ್ಲಿನ ಮಾಲೀಕರು. ಕಚೇರಿಯ ಗೋಡೆಗೆ ನಮ್ಮೂರ ಕೆರೆಯ ನೋಟ ಬೇಕು ಎಂದಿದ್ದರು. ತಂದುಕೊಟ್ಟ ಚಿತ್ರವನ್ನು ಅವರು ಬಹಳ ಹೊತ್ತು ನೋಡಿ ಕೇಳಿದರಂತೆ: “ತಮ್ಮಾ, ಮೇಲೆ ಒಬ್ಬನೇ ಚಂದ್ರ. ನೀರಿನಲ್ಲಿ ಬಲಕ್ಕೂ ಬೆಳಕು, ಎಡಕ್ಕೂ ಚಂದ್ರ. ನಾನು ಕೇಳಿದ್ದು ನಮ್ಮ ಕೆರೆಯ ಫೋಟೊ, ಕಂಪ್ಯೂಟರಿನ ಕೆರೆಯದಲ್ಲ.” ದಿನವೂ ಆ ಕೆರೆಯ ಸುತ್ತ ನಡೆಯುವ ಮನುಷ್ಯ ಅವರು. ಅವರ ಕಣ್ಣು ತಪ್ಪಲಿಲ್ಲ, ಆರೋಪ ಮಾತ್ರ ತಪ್ಪಿತ್ತು.

ಸ್ಟುಡಿಯೊದ ಯುವಕ ಚಿತ್ರವನ್ನು ತಿದ್ದಿರಲಿಲ್ಲ. ಎರಡು ತಲೆಮಾರಿನಿಂದ ನಡೆದುಬಂದ ಅಂಗಡಿ, ಮರ್ಯಾದೆಯ ಪ್ರಶ್ನೆ. ಲೆನ್ಸ್ ಕೆಟ್ಟಿರಬೇಕೆಂದು ಹೈದರಾಬಾದಿನ ಒಂದು ದುರಸ್ತಿ ಅಂಗಡಿಗೆ ಚಿತ್ರಗಳನ್ನು ಕಳುಹಿಸಿದ. ಒಳಗಿನ ಗಾಜೊಂದು ಸರಿದಿದೆ, ಬದಲಿಸಬೇಕು ಎಂಬ ಉತ್ತರ ಬಂತು. ಹೇಳಿದ ಮೊತ್ತ ಹೆಚ್ಚುಕಡಿಮೆ ಹೊಸ ಲೆನ್ಸಿನ ಅರ್ಧ ಬೆಲೆ. ಹಣ ಕಟ್ಟುವ ಮೊದಲು ಅವನು ಚಿತ್ರ, ಕ್ಯಾಮೆರಾ, ಲೆನ್ಸ್ ಮೂರನ್ನೂ ಹೊತ್ತುಕೊಂಡು ನನ್ನ ಹತ್ತಿರ ಬಂದ. ನಾನು ಕಾಲೇಜಿನಲ್ಲಿ ಭೌತವಿಜ್ಞಾನ ಪಾಠ ಮಾಡುವವನು, ಛಾಯಾಗ್ರಹಣ ಹಳೆಯ ಹುಚ್ಚು. ಅವನ ತಂದೆಯ ಪರಿಚಯವೂ ಇತ್ತು.

ಮೊದಲು ಕೇಳಿದ್ದು ಮೂಲ ಫೈಲುಗಳನ್ನು. ಕ್ಯಾಮೆರಾ ಬರೆದಿಟ್ಟ ರಾ ಫೈಲಿನಲ್ಲೇ ಎರಡನೆಯ ಚಂದ್ರ ಇದ್ದ, ಬಣ್ಣದ ಚುಕ್ಕಿಗಳೂ ಇದ್ದವು. ಅಲ್ಲಿಗೆ ತಿದ್ದುಪಡಿಯ ಮಾತು ಮುಗಿಯಿತು. ಕಿಟಕಿಯ ಗಾಜಿನ ಮೂಲಕ ತೆಗೆದ ಚಿತ್ರವೂ ಅಲ್ಲ, ತೆರೆದ ದಂಡೆಯ ಮೇಲೆ ಟ್ರೈಪಾಡ್ ಊರಿ ತೆಗೆದದ್ದು. ಉಳಿದವು ಮೂರು ಸಂಶಯಗಳು: ನೀರು, ಲೆನ್ಸ್, ಲೆನ್ಸಿನ ಮುಂದೆ ತಿರುಪಿ ಕೂರಿಸಿದ್ದ ಚಪ್ಪಟೆ ಗಾಜು, ಅಂದರೆ ಫಿಲ್ಟರ್.

ನೀರನ್ನು ಬಿಡಿಸಿಕೊಳ್ಳುವುದು ಕಷ್ಟವಾಗಲಿಲ್ಲ. ನಿಂತ ನೀರಿನಲ್ಲಿ ಯಾವ ವಸ್ತುವಿನ ಬಿಂಬವಾದರೂ ಆ ವಸ್ತುವಿನ ನೇರ ಕೆಳಗೇ ಬೀಳಬೇಕು. ಬಲಕ್ಕಿರುವ ಚಂದ್ರನ ಬಿಂಬ ಎಡಕ್ಕೆ ಹೋಗಲು ದಾರಿಯೇ ಇಲ್ಲ. ಇನ್ನೊಂದು ಲೆಕ್ಕವೂ ಇತ್ತು. ಚಂದ್ರ ದಿಗಂತದಿಂದ ಎಷ್ಟು ಎತ್ತರದಲ್ಲಿದ್ದನೋ ಅವನ ಬಿಂಬ ದಿಗಂತದಿಂದ ಅಷ್ಟೇ ಕೆಳಗೆ ಬೀಳಬೇಕು. ಚಿತ್ರದಲ್ಲಿ ಅಷ್ಟು ನೀರು ಇರಲೇ ಇಲ್ಲ. ನಿಜವಾದ ಬಿಂಬ ಚೌಕಟ್ಟಿನ ಹೊರಗೆ ಬಿದ್ದಿತ್ತು. ಬಲಗಡೆಯ ಅಲೆಗಳ ಮೇಲೆ ಒಡೆದು ಹರಡಿದ ಬೆಳಕಿನ ಪಟ್ಟಿ ಇತ್ತಲ್ಲ, ಅದಷ್ಟೇ ಚಂದ್ರ ಆ ನೀರಿಗೆ ಕೊಟ್ಟದ್ದು. ಕ್ಯಾಮೆರಾ 8 ಸೆಕೆಂಡುಗಳ ಹೊತ್ತು ಬೆಳಕಿಗೆ ತೆರೆದಿರುವ ಎಕ್ಸ್‌ಪೋಶರ್‌ನಲ್ಲಿ, ಸದಾ ಅಲುಗುವ ಕೆರೆಯ ನೀರು ಯಾವ ಬಿಂಬವನ್ನೂ ದುಂಡಗೆ ಉಳಿಸುವುದಿಲ್ಲ. ಎಡಗಡೆಯ ಚಂದ್ರನ ಅಂಚು ಕತ್ತರಿಸಿದಷ್ಟು ಚೊಕ್ಕವಾಗಿತ್ತು. ಅದು ನೀರಿನ ಮೇಲೆ ಕಾಣುತ್ತಿತ್ತೇ ಹೊರತು ನೀರಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಇಲ್ಲಿಂದ ಮುಂದಿನದು ಅಳತೆಯ ಕೆಲಸ. ಚಿತ್ರವನ್ನು ಮೇಜಿನ ಮೇಲೆ ಹಾಸಿ, ಮೂಲೆಯಿಂದ ಮೂಲೆಗೆ ಎರಡು ದಾರ ಎಳೆದು ನಟ್ಟನಡುವಿನ ಬಿಂದುವನ್ನು ಗುರುತಿಸಿದೆವು. ಮೇಲಿನ ಚಂದ್ರನಿಂದ ಕೆಳಗಿನ ಚಂದ್ರನಿಗೆ ಮೂರನೆಯ ದಾರ ಎಳೆದರೆ ಅದು ಸರಿಯಾಗಿ ಆ ಬಿಂದುವಿನ ಮೇಲೆಯೇ ಹಾಯ್ದಿತು. ಬಿಂದುವಿನಿಂದ ಮೇಲಿನ ಚಂದ್ರನಿಗೆ 54 ಸೆಂಟಿಮೀಟರ್, ಕೆಳಗಿನವನಿಗೂ 54. ಆಮೇಲೆ ಮದುವೆ ಮನೆಯ ಸರವನ್ನು ತೆಗೆದುಕೊಂಡೆವು. ಎಡಗಡೆಯ ಸರದ ತುದಿಯ ದೀಪಕ್ಕೆ ಬಲಗಡೆಯ ಗೊಂಚಲಿನ ಇನ್ನೊಂದು ತುದಿ ಜೋಡಿಯಾಯಿತು. ದಾರ ಮತ್ತೆ ಅದೇ ನಡುಬಿಂದುವಿನ ಮೇಲೆ. ಬೀದಿದೀಪಗಳೂ ಹಾಗೆಯೇ, ಒಂದೊಂದಕ್ಕೂ ಆಕಾಶದಲ್ಲಿ ಅದರದೇ ಜೋಡಿ. ಕೆಳಗಿದ್ದದ್ದು ಮೇಲೆ, ಎಡಕ್ಕಿದ್ದದ್ದು ಬಲಕ್ಕೆ. ಇಡೀ ಚಿತ್ರವನ್ನು ನಡುಬಿಂದುವಿನ ಸುತ್ತ ಅರ್ಧ ಸುತ್ತು ತಿರುಗಿಸಿ, ತೀರ ಮಂಕಾಗಿಸಿ, ಮೂಲದ ಮೇಲೆಯೇ ಹಾಸಿದರೆ ಸಿಗುವುದು ಇದೇ.

ಯುವಕ ಆಗ ಒಂದು ವಿಷಯ ಗಮನಿಸಿದ, ನನಗೂ ಅದು ಅಚ್ಚರಿ ತಂದಿತು. ಮೇಲಿನ ಚಂದ್ರ ಬರೀ ಬಿಳಿ ಬಿಲ್ಲೆ. ಬೆಳಕು ಹೆಚ್ಚಾಗಿ ಒಳಗಿನ ವಿವರವೆಲ್ಲ ಸುಟ್ಟುಹೋಗಿತ್ತು. ನೀರಿನಲ್ಲಿದ್ದ ಚಂದ್ರನಲ್ಲಾದರೋ ಕಲೆಗಳು ಕಾಣುತ್ತಿದ್ದವು. ಚಿತ್ರದಲ್ಲಿ ಆ ಬಿಲ್ಲೆಯ ಅಗಲ 19 ಮಿಲಿಮೀಟರ್ ಮಾತ್ರ, ಆದರೂ ಭೂತಗನ್ನಡಿ ಹಿಡಿದರೆ ಮೊಲದ ಮೈ ತಿಳಿಯುತ್ತಿತ್ತು, ತಲೆಕೆಳಗಾಗಿ. ಅದೇ ಸಂಜೆ ಅವನು ಚಂದ್ರನಿಗೇ ಹೊಂದಿಸಿ ಒಂದು ಚಿಕ್ಕ ಎಕ್ಸ್‌ಪೋಶರ್ ತೆಗೆದಿಟ್ಟಿದ್ದ. ಅದನ್ನು ಪರದೆಯ ಮೇಲೆ ಅರ್ಧ ಸುತ್ತು ತಿರುಗಿಸಿ ಪಕ್ಕದಲ್ಲಿಟ್ಟರೆ ಕಲೆಗೆ ಕಲೆ ಹೊಂದಿತು. ನೀರಿನ ಬಿಂಬವಾಗಿದ್ದರೆ ಮೇಲು ಕೆಳಗಾಗುತ್ತಿತ್ತು, ಎಡ ಬಲವಾಗುತ್ತಿರಲಿಲ್ಲ. ಲೈಟಿನ ಸರದ ಕಥೆಯೂ ಅದೇ. ಮೂಲದಲ್ಲಿ ಬಲ್ಬುಗಳು ಉರಿದು ಬಿಳಿಯಾಗಿದ್ದವು; ಅವುಗಳ ನಿಜವಾದ ಬಣ್ಣ ತಿಳಿಯುತ್ತಿದ್ದದ್ದು ಆಕಾಶದ ಸುಳ್ಳು ಗೊಂಚಲಿನಲ್ಲಿ.

ಕಾರ್ಡಿನಲ್ಲಿದ್ದ ಉಳಿದ ಚಿತ್ರಗಳು ಇನ್ನೂ ಒಂದು ಸಾಕ್ಷ್ಯ ಕೊಟ್ಟವು. ಟ್ರೈಪಾಡ್ ಕದಲಿಸದೆ ಕೆಲವು ನಿಮಿಷಗಳ ಅಂತರದಲ್ಲಿ ಹಲವು ಚಿತ್ರ ತೆಗೆದಿದ್ದ. ಅವನ್ನು ಒಂದರ ಹಿಂದೊಂದು ಓಡಿಸಿದರೆ ಚಂದ್ರ ಮೇಲೇರುತ್ತ ತುಸು ಬಲಕ್ಕೆ ವಾಲುತ್ತಿದ್ದ, ನೀರಿನ ಚಂದ್ರ ಕೆಳಗಿಳಿಯುತ್ತ ಎಡಕ್ಕೆ ಸರಿಯುತ್ತಿದ್ದ. ದಡದ ದೀಪಗಳ ಜೋಡಿಗಳು ಮಾತ್ರ ಇದ್ದಲ್ಲೇ ಇದ್ದವು.

ಈಗ ಲೆನ್ಸಿನ ಮೇಲಿನ ಆರೋಪ. ಲೆನ್ಸಿನ ಒಳಗಿನ ಗಾಜುಗಳೂ ಬೆಳಕನ್ನು ಮರಳಿಸುತ್ತವೆ, ಮರುಬಿಂಬಗಳನ್ನು ಹುಟ್ಟಿಸುತ್ತವೆ. ಆದರೆ ಆ ಮೈಗಳೆಲ್ಲ ಬಾಗಿದವು. ಬಾಗಿದ ಮೈಯಿಂದ ಮರಳಿದ ಬೆಳಕು ಸಾಮಾನ್ಯವಾಗಿ ಸೆನ್ಸರ್ ಮೇಲೆ, ಅಂದರೆ ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕದ ಮೇಲೆ, ಒಂದು ಬಿಂದುವಿಗೆ ಕೂಡಿಕೊಳ್ಳುವುದಿಲ್ಲ. ಹರಡಿ, ಹಸಿರೋ ನೇರಳೆಯೋ ಆದ ದೊಡ್ಡ ಕಲೆಯಾಗುತ್ತದೆ, ಎಷ್ಟೋ ಸಲ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿಯಾದ ಅಪರ್ಚರ್‌ನ ಕೋನಾಕಾರವನ್ನೇ ತಳೆಯುತ್ತದೆ. ಇಂಥವು ಬೆಳಕಿನ ಮೂಲದಿಂದ ಚಿತ್ರದ ನಡುವಿನ ಕಡೆಗೆ ಸಾಲುಗಟ್ಟುತ್ತವೆ, ಒಂದೊಂದು ಒಂದೊಂದು ಗಾತ್ರದಲ್ಲಿ. ಮೂಲದಷ್ಟೇ ಗಾತ್ರ, ಮೂಲದಷ್ಟೇ ಚೊಕ್ಕ ಅಂಚು, ನಡುಬಿಂದುವಿನಿಂದ ಅಷ್ಟೇ ದೂರ, ಈ ಮೂರೂ ಒಟ್ಟಿಗೆ ಸಿಕ್ಕರೆ ಅಲ್ಲೊಂದು ಚಪ್ಪಟೆ ಗಾಜು ಇದೆ ಎಂದೇ ಅರ್ಥ. ಇನ್ನು ಗಾಜು ಸರಿದಿದ್ದರೆ ಚಿತ್ರದ ಒಂದು ಬದಿ ಮಸುಕಾಗಬೇಕಿತ್ತು. ನಾಲ್ಕೂ ಮೂಲೆಗಳನ್ನು ಹಿಗ್ಗಿಸಿ ನೋಡಿದೆವು. ಎಲ್ಲವೂ ಒಂದೇ ಸಮನಾಗಿದ್ದವು. ಲೆನ್ಸನ್ನು ಬಿಚ್ಚಿ ನೋಡದೆ, ಚಿತ್ರದ ನಡುವಿಗೆ ಒಂದು ಗೆರೆ ಎಳೆದೂ ನೋಡದೆ ದುರಸ್ತಿಯ ಪಟ್ಟಿ ಬರೆದುಕೊಟ್ಟದ್ದು ನನಗೆ ಇಂದಿಗೂ ಸಹಿಸದ ಸಂಗತಿ. ಇಂಥ ಪಟ್ಟಿಗೆ ಹಣ ತೆರುವವರು ಸಣ್ಣ ಊರುಗಳ ಸಣ್ಣ ಸ್ಟುಡಿಯೊಗಳವರು.

ಫಿಲ್ಟರ್ ಇದನ್ನು ಮಾಡುವ ಬಗೆ ಹೀಗೆ. ಚಂದ್ರ ಬಹಳ ದೂರದಲ್ಲಿರುವುದರಿಂದ ಅವನ ಒಂದು ಬಿಂದುವಿನಿಂದ ಬರುವ ಕಿರಣಗಳು ಲೆನ್ಸಿಗೆ ಸಮಾಂತರವಾಗಿ ತಲುಪುತ್ತವೆ. ಲೆನ್ಸ್ ಅವನ್ನು ಸೆನ್ಸರ್ ಮೇಲೆ ಒಂದು ಬಿಂದುವಿಗೆ ಕೂಡಿಸುತ್ತದೆ. ಸೆನ್ಸರ್ ಮತ್ತು ಅದರ ಮೇಲೆ ಹೊದಿಸಿದ ಗಾಜು ನುಣುಪಾದವು, ಬಿದ್ದ ಬೆಳಕನ್ನೆಲ್ಲ ನುಂಗುವುದಿಲ್ಲ. ಕೊಂಚವನ್ನು ಬಂದ ಕಡೆಗೇ ತಿರುಗಿಸುತ್ತವೆ. ಹಾಗೆ ತಿರುಗಿದ ಬೆಳಕು ಲೆನ್ಸನ್ನು ಹಿಂದಿನಿಂದ ಹೊಕ್ಕು ಮುಂದಿನಿಂದ ಹೊರಡುತ್ತದೆ. ಹೊರಟದ್ದು ಲೆನ್ಸಿನ ನಾಭಿಯ ಮಟ್ಟದಲ್ಲಿರುವ ಬಿಂದುವಿನಿಂದಾದ್ದರಿಂದ ಹೊರಬರುವಾಗ ಮತ್ತೆ ಸಮಾಂತರವಾಗಿರುತ್ತದೆ, ಚಂದ್ರನಿರುವ ದಿಕ್ಕಿಗೇ ಹೋಗುತ್ತಿರುತ್ತದೆ. ಮುಂದೆ ಏನೂ ಇಲ್ಲದಿದ್ದರೆ ಅದು ಆಕಾಶಕ್ಕೆ ಹೋಗಿ ಮುಗಿಯುತ್ತಿತ್ತು. ಆದರೆ ಅಲ್ಲಿ ಲೆನ್ಸಿನ ಅಕ್ಷಕ್ಕೆ ಸರಿಯಾಗಿ ಅಡ್ಡ ನಿಂತ ಚಪ್ಪಟೆ ಗಾಜಿದೆ. ಚಪ್ಪಟೆ ಗಾಜು ಸಮಾಂತರ ಕಿರಣಗಳನ್ನು ಸಮಾಂತರವಾಗಿಯೇ ಮರಳಿಸುತ್ತದೆ, ಹರಡುವುದಿಲ್ಲ. ಮರಳಿ ಲೆನ್ಸ್ ಹೊಗುವಾಗ ಆ ಕಿರಣಗಳು ಅಕ್ಷದ ಇನ್ನೊಂದು ಮಗ್ಗುಲಿನಿಂದ, ಅಷ್ಟೇ ಕೋನದಲ್ಲಿ ಬರುತ್ತಿರುತ್ತವೆ. ಲೆನ್ಸಿಗೆ ಅದು ಎಡಗಡೆ ಕೆಳಗಿರುವ ಬೇರೊಬ್ಬ ಚಂದ್ರ. ತನ್ನ ಕೆಲಸವನ್ನು ಅದು ಚೊಕ್ಕವಾಗಿ ಮಾಡುತ್ತದೆ, ಅವನನ್ನೂ ಒಂದು ಬಿಂದುವಿಗೆ ಕೂಡಿಸುತ್ತದೆ.

ಮರುಬಿಂಬ ಇಷ್ಟು ಸ್ಪಷ್ಟವಾಗುವುದು ಮೂಲ ವಸ್ತು ದೂರದಲ್ಲಿದ್ದು ಲೆನ್ಸ್ ಅದಕ್ಕೆ ಹೊಂದಿಸಿದ್ದಾಗ. ಹತ್ತಿರದ ದೀಪದ ಚಿತ್ರವಾಗಿದ್ದರೆ ಲೆನ್ಸ್ ದಾಟಿ ಹೊರಬಂದ ಬೆಳಕು ಪೂರ್ತಿ ಸಮಾಂತರವಾಗಿರುವುದಿಲ್ಲ, ಹಾಗಾಗಿ ಜೋಡಿ ಬಿಂಬ ಸ್ವಲ್ಪ ಮಸುಕಾಗುತ್ತದೆ. ಕೆರೆಯಾಚೆಯ ದೀಪ, ದೂರದ ಗೋಪುರದ ದೀಪಾಲಂಕಾರ, ಚಂದ್ರ, ಇವು ಅದಕ್ಕೆ ಹೇಳಿ ಮಾಡಿಸಿದ ವಸ್ತುಗಳು.

ಬೆಳಕಿನ ಲೆಕ್ಕವನ್ನೂ ನೋಡಬೇಕು, ಏಕೆಂದರೆ ಯುವಕ ಕೇಳಿದ ಪ್ರಶ್ನೆ ನ್ಯಾಯವಾದದ್ದು: “ಸರ್, ಇದೇ ಫಿಲ್ಟರ್ ಹಾಕಿಕೊಂಡು ಹಗಲೆಲ್ಲ ಮದುವೆ ತೆಗೆಯುತ್ತೇನೆ. ಒಂದು ಸಲವೂ ಹೀಗೆ ಆಗಿಲ್ಲವಲ್ಲ?” ಪ್ರತಿಫಲನ ತಗ್ಗಿಸುವ ತೆಳು ಲೇಪನ, ಅಂದರೆ ಕೋಟಿಂಗ್, ಇಲ್ಲದ ಸಾದಾ ಗಾಜಿನ ಒಂದೊಂದು ಮೈಯೂ ನೇರವಾಗಿ ಬಿದ್ದ ಬೆಳಕಿನ ಸುಮಾರು 4 ಶೇಕಡಾ ಭಾಗವನ್ನು ಮರಳಿಸುತ್ತದೆ. ಫಿಲ್ಟರಿಗೆ ಎರಡು ಮೈ, ಒಟ್ಟು 8 ಶೇಕಡಾ. ಸೆನ್ಸರ್ ಮರಳಿಸುವುದನ್ನೂ 4 ಶೇಕಡಾ ಎಂದಿಟ್ಟುಕೊಂಡರೆ, ನೂರರಲ್ಲಿ ನಾಲ್ಕರ ನೂರರಲ್ಲಿ ಎಂಟು, ಅಂದರೆ ಮೂಲದ ಸುಮಾರು 300ನೆಯ ಒಂದು ಪಾಲು. ಲೆನ್ಸನ್ನು ಇನ್ನೆರಡು ಬಾರಿ ದಾಟುವಾಗ ಇನ್ನೂ ತುಸು ಸೋರುತ್ತದೆ. ಹಗಲಿನ ಚಿತ್ರದಲ್ಲಿ ಬಿಳಿ ಅಂಗಿಯ 300ನೆಯ ಒಂದು ಪಾಲು ಬೆಳಕು ಬೇರೊಂದು ಬೆಳಕಿನ ಜಾಗದ ಮೇಲೆ ಬಿದ್ದರೆ ಯಾರ ಕಣ್ಣಿಗೂ ಕಾಣದು. ಬಿಂಬ ಆಗಲೂ ಇರುತ್ತದೆ, ಮುಳುಗಿರುತ್ತದೆ ಅಷ್ಟೆ.

ಹುಣ್ಣಿಮೆಯ ಸಂಜೆ ಹಾಗಲ್ಲ. ಆ ದಿನದ ಚಿಕ್ಕ ಎಕ್ಸ್‌ಪೋಶರ್‌ನಲ್ಲಿ ಚಂದ್ರ ಸರಿಯಾಗಿ ಮೂಡಲು ಐಎಸ್‌ಒ 100 (ಸೆನ್ಸರಿನ ಸೂಕ್ಷ್ಮತೆ), ಎಫ್/8ರಲ್ಲಿ (ಅಪರ್ಚರಿನ ಅಳತೆ) ಸೆಕೆಂಡಿನ 100ನೆಯ ಒಂದು ಭಾಗ ಸಾಕಾಗಿತ್ತು. ಕೆರೆಯ ದಡ ಕಾಣಬೇಕೆಂದು ದೊಡ್ಡ ಚಿತ್ರಕ್ಕೆ ಅದೇ ಐಎಸ್‌ಒ, ಅದೇ ಅಪರ್ಚರ್‌ನಲ್ಲಿ 8 ಸೆಕೆಂಡು ಕೊಟ್ಟಿದ್ದ. ಚಂದ್ರನಿಗೆ ಬೇಕಾದದ್ದಕ್ಕಿಂತ 800 ಪಟ್ಟು ಬೆಳಕು. ಅದರ 300ನೆಯ ಒಂದು ಪಾಲು ಎಂದರೂ ಬೇಕಾದದ್ದರ ಎರಡೂವರೆ ಪಟ್ಟು. ಸೋರಿಕೆ ಕಳೆದರೆ ಚಂದ್ರನ ಕಲೆಗಳು ಕಾಣಲು ಹೆಚ್ಚುಕಡಿಮೆ ತಕ್ಕ ಬೆಳಕು. ಮೂಲದಲ್ಲಿ ಸುಟ್ಟುಹೋದ ಮೊಲ ಮರುಬಿಂಬದಲ್ಲಿ ಉಳಿದದ್ದು ಈ ಲೆಕ್ಕದಿಂದ. ಅದು ಬಿದ್ದ ಜಾಗವೋ ಕಪ್ಪು ನೀರು, ಕಪ್ಪು ಆಕಾಶ. ಬಿದರಿ ಪಾತ್ರೆಯ ಕಪ್ಪಿನ ಮೇಲೆ ಕೂದಲೆಳೆಯ ಬೆಳ್ಳಿಯೂ ಎದ್ದು ಕಾಣುವಂತೆ, ಅಲ್ಲಿ ಇಷ್ಟು ಬೆಳಕೇ ಬೇಕಾದಷ್ಟಾಯಿತು.

ಲೆಕ್ಕ ಎಷ್ಟೇ ಸರಿಯಿದ್ದರೂ ಕಣ್ಣಾರೆ ಕಂಡರೆ ಆಗುವ ನಂಬಿಕೆ ಬೇರೆ. ಕತ್ತಲಾದ ಮೇಲೆ ಕಾಲೇಜಿನ ಮಾಳಿಗೆಗೆ ಹೋಗಿ ದೂರದ ಒಂದು ಬೀದಿದೀಪಕ್ಕೆ ಕ್ಯಾಮೆರಾ ಹೊಂದಿಸಿದೆವು, ದೀಪವನ್ನು ಚೌಕಟ್ಟಿನ ಬಲ ಅಂಚಿನ ನಡುಮಟ್ಟಕ್ಕಿಟ್ಟು. ಎದುರು ಅಂಚಿನಲ್ಲಿ ಅದರ ಜೋಡಿ ಕ್ಯಾಮೆರಾದ ಪರದೆಯ ಮೇಲೆಯೇ ಕಂಡಿತು. ಕ್ಯಾಮೆರಾವನ್ನು ನಿಧಾನವಾಗಿ ಬಲಕ್ಕೆ ತಿರುಗಿಸಿದಂತೆ ದೀಪ ಎಡಕ್ಕೆ ಸರಿಯಿತು, ಜೋಡಿ ಬಲಕ್ಕೆ. ಎರಡೂ ಸರಿಯಾಗಿ ನಡುವಿನಲ್ಲಿ ಕೂಡಿ, ದಾಟಿ ಹೋದವು. ಫಿಲ್ಟರ್ ಬಿಚ್ಚಿದೆವು. ಜೋಡಿ ಇಲ್ಲ. ಹಾಕಿದೆವು, ಬಂತು. ಆಮೇಲೆ ಮಾಡಿದ ಪರೀಕ್ಷೆ ನನಗೆ ಎಲ್ಲಕ್ಕಿಂತ ಮೆಚ್ಚಿನದು. ಫಿಲ್ಟರನ್ನು ತಿರುಪಿ ಕೂರಿಸುವ ಬದಲು ಬೆರಳುಗಳಲ್ಲಿ ಹಿಡಿದು ಲೆನ್ಸಿನ ಮುಂದೆ ಇಟ್ಟು ಸ್ವಲ್ಪವೇ ಓರೆ ಮಾಡಿದರೆ ದೀಪ ಅಲ್ಲೇ ಇರುತ್ತದೆ, ಜೋಡಿ ಮಾತ್ರ ಜಾರುತ್ತದೆ. ಕನ್ನಡಿಯನ್ನು ಎಷ್ಟು ಓರೆ ಮಾಡಿದರೆ ಮರಳುವ ಬೆಳಕು ಅದರ ಎರಡರಷ್ಟು ಓರೆಯಾಗುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ್ದು ಇದೇ. 50 ಮಿಲಿಮೀಟರ್ ಲೆನ್ಸಿನಲ್ಲಿ 2 ಡಿಗ್ರಿ ಓರೆಗೆ ಜೋಡಿ ಸೆನ್ಸರ್ ಮೇಲೆ ಸುಮಾರು ಮೂರೂವರೆ ಮಿಲಿಮೀಟರ್ ಸರಿಯುತ್ತದೆ. ಇನ್ನಷ್ಟು ಓರೆ ಮಾಡಿದರೆ ಚೌಕಟ್ಟಿನಿಂದಲೇ ಹೊರಗೆ. ಬೆಳಕನ್ನು ಮರಳಿಸುತ್ತಿರುವ ಗಾಜು ಯಾವುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಯುವಕ ಎಷ್ಟು ಹೊತ್ತಾದರೂ ಫಿಲ್ಟರನ್ನು ಕೈಬಿಡಲಿಲ್ಲ, ಓರೆ ಮಾಡುತ್ತ ನೋಡುತ್ತಲೇ ಇದ್ದ.

ಆ ಫಿಲ್ಟರ್ ಯುವಿ ಫಿಲ್ಟರ್ (ನೇರಳಾತೀತ ಬೆಳಕನ್ನು ತಡೆಯುವ ಗಾಜು), ಲೆನ್ಸ್ ಕೊಂಡಾಗ ಅಂಗಡಿಯವರು ಜೊತೆಗೆ ಕೊಟ್ಟದ್ದು. ಕೋಣೆಯ ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದರೆ ಎರಡು ಬಿಳಿ ಟ್ಯೂಬುಗಳು ಅಕ್ಕಪಕ್ಕ ಹೊಳೆಯುತ್ತಿದ್ದವು. ಒಳ್ಳೆಯ ಕೋಟಿಂಗ್ ಇರುವ ಗಾಜಿನಲ್ಲಿ ಆ ಹೊಳಪು ಮಂಕಾಗಿ, ಹಸಿರು ಅಥವಾ ನೇರಳೆ ಛಾಯೆಯಲ್ಲಿ ಕಾಣುತ್ತದೆ. ಬಿಳಿ ಟ್ಯೂಬು ಬಿಳಿಯಾಗಿಯೇ ಪ್ರಖರವಾಗಿ ಕಂಡರೆ ಅದು ಬರಿಯ ಗಾಜು, ಚೌಕಟ್ಟಿನ ಮೇಲೆ ಏನೇ ಬರೆದಿರಲಿ. ಅಂಗಡಿಯಲ್ಲಿ ನಿಂತು ಅರೆ ನಿಮಿಷದಲ್ಲಿ ಮಾಡಬಹುದಾದ ಪರೀಕ್ಷೆ ಇದು. ಹೊಸ ಹುಡುಗರಿಗೆಲ್ಲ ಹೇಳಿಕೊಡಬೇಕು.

ಕೋಟಿಂಗ್ ಎಂಬುದರ ಹಿಂದೆ ಸೊಗಸಾದ ಇತಿಹಾಸವಿದೆ. ಹಳೆಯದಾಗಿ ಮೈ ಕಂದಿದ ಗಾಜು ಹೊಸ ಗಾಜಿಗಿಂತ ಹೆಚ್ಚು ಬೆಳಕನ್ನು ಒಳಬಿಡುತ್ತದೆ ಎಂದು 1886ರಲ್ಲಿ ಲಾರ್ಡ್ ರೇಲಿ ಗಮನಿಸಿದ್ದರು. 1935ರಲ್ಲಿ ಜರ್ಮನಿಯ ಜೈಸ್ ಸಂಸ್ಥೆಯಲ್ಲಿ ಅಲೆಕ್ಸಾಂಡರ್ ಸ್ಮಾಕುಲಾ ತೆಳು ಪದರವನ್ನು ಗಾಜಿನ ಮೇಲೆ ಕೂರಿಸುವ ವಿಧಾನ ರೂಪಿಸಿದರು. ಮೆಗ್ನೀಸಿಯಂ ಫ್ಲೋರೈಡ್‌ನ ಒಂದೇ ಪದರ, ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿನಷ್ಟು ದಪ್ಪದ್ದು, ಒಂದು ಮೈಯ ಪ್ರತಿಫಲನವನ್ನು 4 ಶೇಕಡಾದಿಂದ ಸುಮಾರು ಒಂದೂಕಾಲು ಶೇಕಡಾಕ್ಕೆ ಇಳಿಸುತ್ತದೆ. ಪದರದ ಮೇಲಿನ ಮೈಯಿಂದ ಮತ್ತು ಕೆಳಗಿನ ಮೈಯಿಂದ ಮರಳಿದ ಅಲೆಗಳು ಒಂದನ್ನೊಂದು ಅಳಿಸಿಹಾಕುವುದು ಇದರ ಗುಟ್ಟು. ಹಲವು ಪದರಗಳಿದ್ದರೆ ಅರ್ಧ ಶೇಕಡಾಕ್ಕೂ ಕೆಳಗೆ ಹೋಗುತ್ತದೆ.

ಹಾಗಾದರೆ ದುಬಾರಿ ಫಿಲ್ಟರ್ ಕೊಂಡರೆ ಸಾಕೇ ಎಂದು ಯುವಕ ಕೇಳಿದ. ಸಾಲದು. ಎರಡು ಮೈ ಸೇರಿ 1 ಶೇಕಡಾ ಎಂದುಕೊಂಡರೂ ಮರುಬಿಂಬ ಮೂಲದ 2500ನೆಯ ಒಂದು ಪಾಲು. ನಮ್ಮ ಚಿತ್ರದಲ್ಲಿ ಚಂದ್ರನಿಗೆ 800 ಪಟ್ಟು ಬೆಳಕು ಸಿಕ್ಕಿತ್ತು. ಅದರ 2500ನೆಯ ಪಾಲು ಎಂದರೆ ಸರಿಯಾದ ಎಕ್ಸ್‌ಪೋಶರಿನ ಮೂರನೆಯ ಒಂದಂಶ. ಕಪ್ಪು ನೀರಿನ ಮೇಲೆ ಅದೂ ಮಂಕಾಗಿ ಕಾಣುತ್ತಿತ್ತು. ಲೆನ್ಸ್ ಹುಡ್ ಕೂಡ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ, ಅದು ತಡೆಯುವುದು ಚೌಕಟ್ಟಿನ ಹೊರಗಿನಿಂದ ನುಗ್ಗುವ ಬೆಳಕನ್ನು. ಈ ಬೆಳಕು ಚಿತ್ರದ ಒಳಗೇ ಇದೆ. ರಾತ್ರಿ, ದೀಪ, ಟ್ರೈಪಾಡ್, ಈ ಮೂರು ಕೂಡಿದರೆ ಫಿಲ್ಟರ್ ಜೇಬಿನಲ್ಲಿರಬೇಕು.

ಅವನ ತಂದೆಯವರು ಇದನ್ನು ಒಪ್ಪಲು ಹೊತ್ತು ಹಿಡಿಯಿತು, ಅದಕ್ಕೆ ಕಾರಣವೂ ಇತ್ತು. ಅವರು ಜೀವನವೆಲ್ಲ ಫಿಲ್ಮಿನಲ್ಲಿ ಕೆಲಸ ಮಾಡಿದವರು. ಲೆನ್ಸ್ ಕೊಂಡ ದಿನ ಹಾಕಿದ ಫಿಲ್ಟರನ್ನು ಲೆನ್ಸ್ ಮಾರುವ ದಿನದವರೆಗೆ ತೆಗೆದವರಲ್ಲ. ಇಂಥ ಚಿತ್ರ ಒಂದೂ ಕಂಡಿರಲಿಲ್ಲ. ಅವರ ಅನುಭವ ಸುಳ್ಳಲ್ಲ. ಫಿಲ್ಮಿನ ಲೇಪನ ಬೆಳಕನ್ನು ಚದುರಿಸುವಂಥದ್ದು, ಡಿಜಿಟಲ್ ಸೆನ್ಸರಿನ ಮುಂದಿನ ಗಾಜಿನ ಹೊಳಪು ಅದಕ್ಕಿರಲಿಲ್ಲ. ಯುವಿ ಫಿಲ್ಟರಿಗೆ ಆಗ ನಿಜವಾದ ಕೆಲಸವೂ ಇತ್ತು; ಫಿಲ್ಮ್ ನೇರಳಾತೀತ ಬೆಳಕಿಗೆ ಸ್ಪಂದಿಸುತ್ತಿತ್ತು, ದೂರದ ನೋಟಗಳು ಅದರಿಂದ ಮಂಜಾಗುತ್ತಿದ್ದವು. ಈಗಿನ ಸೆನ್ಸರ್‌ಗಳ ಮುಂದೆ ಆ ಬೆಳಕನ್ನು ತಡೆಯುವ ಗಾಜು ಮೊದಲೇ ಕೂತಿದೆ. ಯುವಿ ಫಿಲ್ಟರ್ ಈಗ ಹೆಸರಿಗಷ್ಟೇ ಯುವಿ. ಉಳಿದಿರುವುದು ಕಾವಲಿನ ಕೆಲಸ. ಲೆನ್ಸ್ ತಯಾರಕರೂ ಈ ಬದಲಾವಣೆಗೆ ಹೊಂದಿಕೊಂಡಿದ್ದಾರೆ: ಕೆಲವು ದೊಡ್ಡ ಟೆಲಿಫೋಟೊ ಲೆನ್ಸ್‌ಗಳ ಮುಂದಿನ ರಕ್ಷಕ ಗಾಜನ್ನು ಚಪ್ಪಟೆಯಾಗಿಡದೆ ತುಸು ಬಾಗಿದ್ದಾಗಿ ಮಾಡುತ್ತಾರೆ, ಸೆನ್ಸರಿನಿಂದ ಮರಳಿದ ಬೆಳಕು ಮತ್ತೆ ಬಿಂಬವಾಗಿ ಕೂಡದೆ ಹರಡಿಹೋಗಲಿ ಎಂದು.

ಕಾವಲಿನ ಕೆಲಸವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಕಡೆಯ ಧೂಳು ಕಂಡವರಿಗೆ ಗೊತ್ತು. ದಾಲ್ ಮಿಲ್ಲಿನೊಳಗೆ ತೊಗರಿಯ ಹೊಟ್ಟು ಗಾಳಿಯಲ್ಲೇ ನಿಂತಿರುತ್ತದೆ. ಶಹಾಬಾದಿನ ಕಲ್ಲಿನ ಗಣಿಗಳಲ್ಲಿ, ಸೇಡಂ ಕಡೆಯ ಸಿಮೆಂಟಿನ ರಸ್ತೆಗಳಲ್ಲಿ ಸಣ್ಣ ಪುಡಿ ಎಲ್ಲೆಲ್ಲೂ ನುಗ್ಗುತ್ತದೆ. ಜಾತ್ರೆಯಲ್ಲಿ ತೇರಿಗೆ ಎಸೆದ ಉತ್ತತ್ತಿ ಲೆನ್ಸಿಗೆ ಬಡಿಯುವುದುಂಟು. ಅಲ್ಲೆಲ್ಲ ಫಿಲ್ಟರ್ ಇರಲಿ, ಒಳ್ಳೆಯ ಕೋಟಿಂಗ್ ಇರುವುದೇ ಇರಲಿ. ಮೊಬೈಲ್ ಅಂಗಡಿಗಳಲ್ಲಿ ಕ್ಯಾಮೆರಾದ ಮೇಲೆ ಅಂಟಿಸಿಕೊಡುವ ರಕ್ಷಕ ಗಾಜಿಗೂ ಇದೇ ವಿಚಾರ ಅನ್ವಯಿಸುತ್ತದೆ. ಮೊಬೈಲುಗಳಲ್ಲಿ ದೀಪದ ಎದುರು ಬದಿಗೆ ಹಸಿರು ಚುಕ್ಕಿ ಮೂಡುವುದು ಅವುಗಳ ಒಳಗಿನ ಗಾಜುಗಳಿಂದಲೇ ಸಾಮಾನ್ಯ. ಮೇಲೊಂದು ಕಳಪೆ ಗಾಜು ಅಂಟಿಸಿದರೆ ಪ್ರತಿಫಲಿಸುವ ಇನ್ನೆರಡು ಮೈಗಳನ್ನು ನಾವೇ ಕೊಂಡಂತೆ.

ತೆಗೆದ ಚಿತ್ರವನ್ನು ಉಳಿಸಬಹುದೇ ಎಂದೂ ಯೋಚಿಸಿದೆವು. ಮರುಬಿಂಬ ಮೂಲದ ಮಂಕು ಪ್ರತಿ ತಾನೇ; ಚಿತ್ರವನ್ನು ಅರ್ಧ ಸುತ್ತು ತಿರುಗಿಸಿ, ತಕ್ಕಷ್ಟು ಮಂಕು ಮಾಡಿ ಕಳೆದುಬಿಟ್ಟರೆ ಹೋಗಬೇಕು. ಆದರೆ ಮೂಲದ ಚಂದ್ರನೂ ಬಲ್ಬುಗಳೂ ಸುಟ್ಟು ಬಿಳಿಯಾಗಿರುವಾಗ ಕಳೆಯಲು ಬೇಕಾದ ನಿಜ ಪ್ರಮಾಣ ಫೈಲಿನಲ್ಲಿ ಉಳಿದಿರಲಿಲ್ಲ. ಆಕಾಶದ ಚುಕ್ಕಿಗಳನ್ನು ಕೈಯಿಂದ ಅಳಿಸಬಹುದಿತ್ತು. ನೀರಿನ ಅಲೆಗಳ ಮೇಲಿನ ಚಂದ್ರನನ್ನು ಅಳಿಸಿದರೆ ಅಲ್ಲಿನ ಅಲೆಗಳನ್ನು ನಾವೇ ಹುಟ್ಟಿಸಬೇಕಾಗುತ್ತಿತ್ತು, ಆಗ ಮಾಲೀಕರ ಆರೋಪ ನಿಜವಾಗುತ್ತಿತ್ತು. ಅವನೇ ಬೇಡವೆಂದ.

ಮಿಲ್ಲಿನ ಕಚೇರಿಗೆ ನಾನೂ ಹೋದೆ. ಲೆಕ್ಕ ಒಪ್ಪಿಸಲಿಲ್ಲ; ದಾರ ಹಿಡಿದು ನಡುಬಿಂದುವನ್ನು ತೋರಿಸಿದೆ, ಮುಂದಿನ ಜೋಡಿಯನ್ನು ಅವರೇ ಹುಡುಕಲಿ ಎಂದೆ. ಮಾಲೀಕರು ಕನ್ನಡಕ ಏರಿಸಿಕೊಂಡು ಒಂದಾದ ಮೇಲೊಂದು ಬೀದಿದೀಪಕ್ಕೆ ಅದರ ಸಂಗಾತಿಯನ್ನು ಹುಡುಕಿದರು. ಕೊನೆಗೆ, “ಇದು ಇವನ ಕೈವಾಡವಲ್ಲ ಬಿಡಿ ಸಾಹೇಬರೇ, ಗಾಜಿನದು” ಎಂದರು. ಮೊದಲ ಮುದ್ರಣದ ಖರ್ಚನ್ನು ಇಬ್ಬರೂ ಅರ್ಧರ್ಧ ಹಂಚಿಕೊಳ್ಳುವುದೆಂದು ಅಲ್ಲಿಯೇ ತೀರ್ಮಾನವಾಯಿತು.

ಮರುಚಿತ್ರೀಕರಣ ಮಾರ್ಗಶಿರ ಹುಣ್ಣಿಮೆಗೆ. ಅದೇ ಚೌಕಟ್ಟು ಸಿಗಲಾರದು ಎಂದು ಮೊದಲೇ ಹೇಳಿದ್ದೆ. ಸೂರ್ಯ ದಕ್ಷಿಣಕ್ಕೆ ಸರಿದಂತೆ ಹುಣ್ಣಿಮೆಯ ಚಂದ್ರ ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಪೂರ್ವಕ್ಕೆ ನಿಂತವರಿಗೆ ಅದು ಎಡಕ್ಕೆ. ಚಂದ್ರ ಈ ಸಲ ಎಡಗಡೆಗೇ ಬಂದ, ಮದುವೆ ಮನೆಯಲ್ಲಿ ಸರಗಳಿರಲಿಲ್ಲ. ಫಿಲ್ಟರ್ ತೆಗೆದಿದ್ದ. ಆಕಾಶ ಸ್ವಚ್ಛ, ನೀರು ಸ್ವಚ್ಛ. ಆದರೆ ದಡದ ಒಂದು ಹೊಸ ಎಲ್‌ಇಡಿ ದೀಪ ಬಹಳ ಪ್ರಖರವಾಗಿತ್ತು, ಅದರಿಂದ ಚಿತ್ರದ ನಡುವಿನ ಹತ್ತಿರ ಹಸಿರು ಛಾಯೆಯ ಒಂದು ಮಂಕು ಕಲೆ ಮೂಡುತ್ತಿತ್ತು. ಇದು ಲೆನ್ಸಿನದೇ, ತೆಗೆಯಲು ಬರುವಂಥದ್ದಲ್ಲ. ಯುವಕ ನನ್ನನ್ನು ಕೇಳಲೂ ಇಲ್ಲ. ಪರದೆಯ ಮೇಲೆ ಕಲೆಯನ್ನು ನೋಡುತ್ತ ಕ್ಯಾಮೆರಾವನ್ನು ಕೂದಲೆಳೆಯಷ್ಟು ತಿರುಗಿಸಿದ, ದೀಪ ಚೌಕಟ್ಟಿನ ಅಂಚಿಗೆ ಹೋಯಿತು, ಕಲೆ ಜಾರಿ ಆಚೆ ದಡದ ಬೆಳಕು ಬಿದ್ದ ಒಂದು ಸುಣ್ಣದ ಗೋಡೆಯ ಮೇಲೆ ಕೂತು ಕಾಣದಾಯಿತು. ಅಲ್ಲಿಗೆ ಟ್ರೈಪಾಡಿನ ತಿರುಪು ಬಿಗಿದು, 8 ಸೆಕೆಂಡು ಕೊಟ್ಟ.